ನಿಂಬೆ ಊಟಕ್ಕೆ, ಮುಖಕ್ಕಲ್ಲ

ತೆಕೊಮಾನ್ ಎಂಬ ಊರಿನ ಮನೆಗಳಲ್ಲಿ ಯಾರಿಗೆ ಏನೇ ಆದರೂ ಕೈ ಮೊದಲು ಹೋಗುವುದು ನಿಂಬೆಯ ಬುಟ್ಟಿಗೆ. ಊರ ಸುತ್ತ ನಿಂಬೆ ತೋಟ, ಊರಿಗೆ ಅನ್ನ ಕೊಡುವುದೂ ನಿಂಬೆಯೇ. ಹಾಗಿದ್ದ ಮೇಲೆ ಔಷಧವೂ ಅದೇ. ಚೋಲೆ ಅಜ್ಜಿಯಂತೂ ಜಪಮಣಿ ಎಣಿಸುವ ಬೆರಳಲ್ಲೇ ತಾಳ ಹಾಕುತ್ತ ಹೇಳುತ್ತಿದ್ದಳು:

"ಗಂಟಲಿಗೆ ನಿಂಬೆ, ಹೊಟ್ಟೆಗೆ ನಿಂಬೆ,
ದಣಿದು ಬಂದವರ ದಾಹಕೆ ನಿಂಬೆ."

ಅಜ್ಜಿಯ ಮೊಮ್ಮಗಳು ಸಿತ್ಲಾಲಿಗೆ ಹದಿನೈದು ತುಂಬುವುದರಲ್ಲಿತ್ತು. ಹೆಣ್ಣುಮಗುವಿಗೆ ಹದಿನೈದಾದರೆ ಇಗರ್ಜಿಯಲ್ಲಿ ಪೂಜೆ, ಆಮೇಲೆ ಊರಿಗೆಲ್ಲ ಊಟ, ಎಲ್ಲರ ಕಣ್ಣೆದುರು ಅಪ್ಪನ ಜೊತೆ ಒಂದು ಕುಣಿತ. ಹಸಿರು ಗೌನು ಹೊಲಿದು ಬಂದು ಬಾಗಿಲ ಹಿಂದೆ ನೇತಾಡುತ್ತಿತ್ತು. ಆದರೆ ಹುಡುಗಿಯ ಹಣೆ, ಕೆನ್ನೆ ಎಣ್ಣೆ ಸವರಿದ ಕಾವಲಿಯ ಹಾಗೆ ಮಿನುಗುತ್ತಿತ್ತು, ಮೇಲೆ ಕೆಂಪು ಕೆಂಪು ಮೊಡವೆ.

"ಅಜ್ಜಿ, ಶಾಲೇಲಿ ನನ್ನನ್ನ ಜೋಳದ ತೆನೆ ಅಂತ ಕರೀತಾರೆ."

"ಅಂದೋರ ಬಾಯಿಗೆ ಹುಳ ಬೀಳ! ಬಾ ಇಲ್ಲಿ. ನಿಂಬೆರಸ, ಒಂದು ಚಿಟಿಕೆ ಅಡುಗೆ ಸೋಡ. ನಿಮ್ಮವ್ವನ ಮದುವೆಗೂ ನಾನೇ ಹಚ್ಚಿದ್ದು."

"ಉರೀತದೆ ಅಜ್ಜಿ!"

"ಉರಿದ್ರೇನೇ ಔಷಧ ಕಣೇ. ಸುಮ್ನೆ ಕೂತ್ಕೋ."

ಮುಖ ಒರೆಸಿಕೊಂಡು ಹುಡುಗಿ ಕುಣಿತ ಕಲಿಯಲು ಊರ ಚೌಕಕ್ಕೆ ಹೋದಳು. ತಲೆಯ ಮೇಲೆ ಸುಡುಬಿಸಿಲು. ಅವತ್ತು ಏನೂ ಆಗಲಿಲ್ಲ. ಮರುದಿನ ಮುಖ ಕೆಂಪಾಯಿತು, ಅದರ ಮರುದಿನ ಬೊಕ್ಕೆ ಎದ್ದವು. ಬೊಕ್ಕೆ ಒಣಗಿದ ಮೇಲೆ ಕಂದುಗಪ್ಪು ಗೆರೆಗಳು ಉಳಿದವು. ರಸ ಇಳಿದ ದಾರಿಯಲ್ಲೇ, ಕಣ್ಣ ಕೆಳಗಿಂದ ಗದ್ದದವರೆಗೆ, ಅತ್ತು ಅತ್ತು ಕಣ್ಣೀರೇ ಗುರುತು ಬಿಟ್ಟ ಹಾಗೆ.

ಸಿತ್ಲಾಲಿ ಕನ್ನಡಿಯ ಮೇಲೆ ಟವೆಲ್ಲು ಹೊದಿಸಿಬಿಟ್ಟಳು. "ನನಗೆ ಹಬ್ಬ ಬೇಡ. ಈ ಮುಖ ಹೊತ್ಕೊಂಡು ಇಗರ್ಜಿ ಮೆಟ್ಟಿಲು ಹತ್ತಲ್ಲ."

ಅವಳವ್ವ ಹಗಲೆಲ್ಲ ನಿಂಬೆ ತುಂಬುವ ಶೆಡ್ಡಿನಲ್ಲಿ. ಮನೆಯ ಸಂಕಟವೆಲ್ಲ ಅಜ್ಜಿಯ ಪಾಲಿಗೆ. ಅಜ್ಜಿ ದೇವಮಾತೆಯ ಪಟದ ಮುಂದೆ ಕಣ್ಣುಮುಚ್ಚಿ ನಿಂತಳು. ಕಣ್ಣು ಬಿಟ್ಟವಳೇ ಇನ್ನೊಂದು ನಿಂಬೆ ತೆಗೆದುಕೊಂಡಳು.

ಅಷ್ಟರಲ್ಲಿ ಅಜ್ಜಿಯ ಬಿಪಿ ನೋಡಲು ಎಲ್ವಿಯಾ ಬಂದಳು. ಊರ ದವಾಖಾನೆಯ ಆರೋಗ್ಯ ಕಾರ್ಯಕರ್ತೆ, ಅಜ್ಜಿಯ ಕಣ್ಣೆದುರೇ ಬೆಳೆದ ಪಕ್ಕದ ಬೀದಿಯ ಹುಡುಗಿ.

"ಏನು ಹೆಚ್ತಿದೀರಾ ಚೋಲಮ್ಮ, ಸಾರಿಗಾ?"

"ಮೊಮ್ಮಗಳ ಮುಖಕ್ಕೆ. ಮೊದಲನೇ ಸಲದ್ದು ಸಾಲಲಿಲ್ಲ."

ಎಲ್ವಿಯಾ ಹುಡುಗಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಮೊದಲು ಚಾಕು ಕೆಳಗಿಡಿ. ಇದು ಮೊಡವೆ ಕಲೆ ಅಲ್ಲ. ನಿಂಬೆ ಸುಟ್ಟಿರೋದು."

"ಏ ಹೋಗೇ! ನಿಂಬೆ ಸುಡೋದುಂಟಾ? ನಿನ್ನ ಹೊಟ್ಟೆನೋವಿಗೂ ಇದನ್ನೇ ಕುಡಿಸಿದ್ದು ನಾನು."

"ಕುಡಿಸಿದ್ರಿ, ನಾನೂ ಉಳ್ಕೊಂಡೆ. ಹೊಟ್ಟೆ ಒಳಗೆ ಬಿಸಿಲು ಬೀಳಲ್ವಲ್ಲ!"

"ಹಂಗಾದ್ರೆ ಇವಳವ್ವನ ಮದುವೆಗೆ ಹಚ್ಚಿದ್ನಲ್ಲ, ಅವಳಿಗೇನಾಯ್ತು?"

"ಆ ಮದುವೇಲಿ ಮಳೆ ಬಿಟ್ಟೇ ಇರಲಿಲ್ಲ, ಇಗರ್ಜಿಯಿಂದ ಮನೇವರೆಗೂ ಛತ್ರೀಲೇ ಬಂದ್ವಿ ಅಂತ ನೀವೇ ಅಲ್ವಾ ಹೇಳೋದು?"

ಅಜ್ಜಿ ಚಾಕು ಕೆಳಗಿಟ್ಟಳು. ಆಗಲೇ ಅಳಿಯ, ಸಿತ್ಲಾಲಿಯ ಅಪ್ಪ ನಸಾರಿಯೊ ತೋಟದಿಂದ ಬಂದ. ಬೆವರಲ್ಲಿ ನೆಂದುಹೋಗಿದ್ದ. ಆದರೂ ಅಂಗಿಯ ತೋಳಿನ ಗುಂಡಿ ಮಣಿಕಟ್ಟಿನವರೆಗೂ ಹಾಕಿತ್ತು.

"ನಸಾರಿಯೊ ಅಣ್ಣ, ಈ ಸೆಕೇಲಿ ಉದ್ದ ತೋಳಿನ ಅಂಗಿ ಯಾಕೆ?" ಎಂದಳು ಎಲ್ವಿಯಾ.

"ಮತ್ತಿನ್ನೇನು! ಕೊಯ್ಯುವಾಗ ರಸ ಹಾರ್ತದೆ, ಅದರ ಮೇಲೆ ಬಿಸಿಲು ಬಿದ್ರೆ ಚರ್ಮ ಹೋಯ್ತು. ತೋಟಕ್ಕೆ ಹೊಸದಾಗಿ ಬಂದೋರಿಗೆ ಮೊದಲು ಹೇಳೋ ಮಾತೇ ಇದು." ಹೇಳುತ್ತಲೇ ತೋಳು ಮಡಚಿದ. ಮೊಣಕೈವರೆಗೂ ಕಂದು ಚುಕ್ಕೆ, ಕಂದು ಗೆರೆ. ಅವನ ಕಣ್ಣು ತನ್ನ ತೋಳಿನಿಂದ ಮಗಳ ಕೆನ್ನೆಗೆ ಹೋಯಿತು. ಅಲ್ಲೇ ನಿಂತಿತು.

ಎರಡೂ ಒಂದೇ ಬಣ್ಣ.

ಆ ಅಂಗಿಗಳನ್ನು ಒಗೆದವಳು ಅಜ್ಜಿ. "ತೋಳು ಮುಚ್ಕೊಂಡು ಹೋಗಪ್ಪ" ಎಂದು ಬೆಳಿಗ್ಗೆ ಬೆಳಿಗ್ಗೆ ಕೂಗಿ ಹೇಳುತ್ತಿದ್ದವಳೂ ಅವಳೇ. ತೋಳಿನ ವಿಷಯಕ್ಕೆ ಗೊತ್ತಿದ್ದದ್ದು ಮುಖದ ವಿಷಯಕ್ಕೆ ಹೊಳೆದಿರಲಿಲ್ಲ. ಅವಳು ಮೆಲ್ಲನೆ ಕುರ್ಚಿಗೆ ಕುಸಿದಳು. "ನನ್ನ ಕೈಯಾರೆ ಸುಟ್ನಲ್ಲೇ ಕಂದ..."

ಸಿತ್ಲಾಲಿ ಬಂದು ಅಜ್ಜಿಯ ಕಣ್ಣೊರೆಸಿದಳು. "ಬೇಕಂತ ಮಾಡಿದ್ಯಾ? ಅಳಬೇಡ ಅಜ್ಜಿ. ಮನೇಲಿ ಒಬ್ಬರ ಮುಖ ಕೆಟ್ಟಿದ್ದು ಸಾಕು."

ಸ್ವಲ್ಪ ಸುಧಾರಿಸಿಕೊಂಡು ಅಜ್ಜಿ ಎಲ್ವಿಯಾಳನ್ನು ಕೇಳಿದಳು: "ಹಂಗಾದ್ರೆ ಮನೆ ಮದ್ದೇ ಬೇಡ ಅಂತೀಯೇನೇ?"

"ಯಾರಂದ್ರು? ಅಂಗಳದಲ್ಲಿ ಲೋಳೆಸರ ಇದೆಯಲ್ಲ. ಆದರೆ ಸುಟ್ಟಿದ್ದು ಪೂರ್ತಿ ಮಾಯೋವರೆಗೂ ಯಾವ ಲೇಪಾನೂ ಬೇಡ. ಬಿಸಿಲಿಗೆ ಹೋದ್ರೆ ಅಗಲ ಟೋಪಿ. ಮಾಯ್ದ ಮೇಲೆ ಬಿಸಿಲಿನ ಕ್ರೀಮೂ ಹಚ್ಚಲಿ. ಆಮೇಲೆ ಲೋಳೆಸರದ ಎಲೆ ಕೊಯ್ದು ನಿಲ್ಲಿಸಿ, ಹಳದಿ ಹಾಲು ಸುರಿದುಹೋಗ್ಲಿ. ತೊಳೆದು, ಒಳಗಿನ ತಿಳಿ ಲೋಳೆ ಮಾತ್ರ ತಗೊಳ್ಳಿ. ಮೊದಲು ಮೊಣಕೈ ಮಡಿಕೇಲಿ ಹಚ್ಚಿ ಒಂದು ದಿನ ನೋಡಿ. ತುರಿಸಿದ್ರೆ, ಕೆಂಪಾದ್ರೆ ಬಿಟ್ಬಿಡಿ. ನಿಮ್ಮ ಗಂಜಿ ಓಟ್ಸೂ ಒಳ್ಳೇದೇ. ನುಣ್ಣಗೆ ಪುಡಿ ಮಾಡಿ, ನೀರಲ್ಲಿ ಕಲಸಿ ಹಚ್ಚಿ, ಸ್ವಲ್ಪ ಹೊತ್ತಿಗೆ ತೊಳೆದ್ರಾಯ್ತು."

"ಈ ಎಣ್ಣೆ ಜಿಡ್ಡು? ಚೆನ್ನಾಗಿ ತಿಕ್ಕಬೇಕಲ್ಲ?"

"ಮುಖ ಏನು ಪೊಸೋಲೆ ಸಾರು ಕುದಿಸೋ ಪಾತ್ರೇನಾ ಚೋಲಮ್ಮ? ತಿಕ್ಕಿದಷ್ಟೂ ಕೆರಳುತ್ತೆ. ಬೆಳಿಗ್ಗೆ ಸಂಜೆ ಮೆತ್ತನೆ ಸೋಪು, ಬರಿಗೈ, ನೀರು. ದಿಂಬಿನ ಬಟ್ಟೆ ಆಗಾಗ ಒಗೀರಿ. ಮೊಡವೆ ಹಿಸುಕಬೇಡ ಸಿತ್ಲಾಲಿ, ಕಲೆ ಉಳಿಯುತ್ತೆ. ಮನೆ ಮದ್ದು ಚರ್ಮಕ್ಕೆ ತಂಪು ಕೊಡುತ್ತೆ ಅಷ್ಟೆ, ಎಲ್ಲ ಮೊಡವೇನೂ ಓಡಿಸಲ್ಲ. ಒಂದೆರಡು ತಿಂಗಳು ತಾಳ್ಮೆ ಬೇಕು. ಕಮ್ಮಿಯಾಗಲಿಲ್ಲ, ಗಂಟುಕಟ್ಟಿ ನೋಯ್ತು ಅಂದ್ರೆ ನಾಚಿಕೊಳ್ಳದೆ ದವಾಖಾನೆಗೆ ಬಾ. ಮೊಡವೆಗೆ ಒಳ್ಳೆ ಮದ್ದಿದೆ."

"ನೀರು, ತಾಳ್ಮೆ! ಇವನ್ನೂ ಯಾರಾದ್ರೂ ಔಷಧ ಅಂತಾರಾ?" ಅಜ್ಜಿ ಗೊಣಗಿದಳು.

"ನಿಮ್ಮ ಜಪಮಾಲೆಗೆ ಬೇಕಾಗಿರೋದೂ ತಾಳ್ಮೇನೇ ಅಲ್ವಾ?"

ಆ ಮಾತು ಅಜ್ಜಿಗೆ ತಾಗಿತು. ಅಂದಿನಿಂದ ಸಂಜೆ ಜಪ ಮುಗಿದ ಕೂಡಲೇ ಮೊಮ್ಮಗಳನ್ನು ಕರೆದು ಮುಖ ತೊಳೆಸುವುದು ಅವಳಿಗೆ ಇನ್ನೊಂದು ಪ್ರಾರ್ಥನೆಯಾಯಿತು. ವಾರಗಳು ಕಳೆದವು. ಮೊಡವೆ ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಗೆರೆಗಳು ಮಾಸಿದವು, ಅಳಿಯಲಿಲ್ಲ.

ಹಬ್ಬದ ಬೆಳಿಗ್ಗೆ ಸಿತ್ಲಾಲಿ ಹಸಿರು ಗೌನು ತೊಟ್ಟು ಹೊಸ್ತಿಲವರೆಗೆ ಬಂದಳು. ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಅಲ್ಲೇ ನಿಂತಳು. ಕಾಲು ಮುಂದೆ ಬರಲಿಲ್ಲ.

ನಸಾರಿಯೊ ಅವಳನ್ನೊಮ್ಮೆ ನೋಡಿದ. ಮೈಮೇಲಿದ್ದ ಕರಿ ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಬಿಳಿ ಅಂಗಿಯ ತೋಳುಗಳನ್ನು ಮೊಣಕೈ ಮೇಲಕ್ಕೆ ಮಡಚಿದ.

"ಅಯ್ಯೋ ಅಳಿಯಾ, ಇಗರ್ಜಿಗೆ ಹಿಂಗೆ ಬರ್ತೀಯಾ?"

"ಹಿಂಗೇ ಬರ್ತೀನಿ ಅತ್ತೆ. ಕುಣಿಯುವಾಗ ನನ್ನ ತೋಳು ಅವಳ ಮುಖದ ಪಕ್ಕಾನೇ ಇರ್ತದೆ. ನೋಡೋರು ಯಾವ ಕಲೆ ನೋಡಬೇಕು ಅಂತ ತಬ್ಬಿಬ್ಬಾಗ್ಲಿ."

ಸಿತ್ಲಾಲಿ ನಕ್ಕುಬಿಟ್ಟಳು. ಕೆನ್ನೆಯ ಮೇಲಿದ್ದ ಕೈ ತೆಗೆದು ಅಪ್ಪನ ತೋಳಿನ ಮೇಲಿಟ್ಟಳು. ಇಬ್ಬರೂ ಹೊಸ್ತಿಲು ದಾಟಿದರು.

ಊಟದ ಹೊತ್ತಿಗೆ ನೆರೆಯವಳೊಬ್ಬಳು ಅಜ್ಜಿಯ ಕಿವಿಯಲ್ಲಿ ಪಿಸುಗುಟ್ಟಿದಳು: "ನನ್ನ ಮಗಳಿಗೂ ಮೊಡವೆ ಶುರುವಾಗಿದೆ. ನಿಂಬೆ ಹಚ್ಚಲಾ?" ಅಜ್ಜಿ ಎದುರಿಗಿದ್ದ ನಿಂಬೆ ಹೋಳನ್ನು ಅವಳ ಪೊಸೋಲೆ ಬಟ್ಟಲಿಗೇ ಹಿಂಡಿದಳು. ಆಮೇಲೆ ಬೆರಳಲ್ಲಿ ತಾಳ ಹಾಕಿದಳು:

"ಗಂಟಲಿಗೆ ನಿಂಬೆ, ಹೊಟ್ಟೆಗೆ ನಿಂಬೆ,
ಮಗಳ ಮುಖಕೆ ಮಾತ್ರ ಬೇಡಮ್ಮ ನಿಂಬೆ."

ಓದುತ್ತಿರುವ ತಾಯಂದಿರೇ, ಅಜ್ಜಿಯರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ನಿಂಬೆಯಿದೆ, ಕನ್ನಡಿಗೆ ಬೆನ್ನು ತಿರುಗಿಸಿ ಕೂತ ಮಗುವೂ ಇರಬಹುದು. ನಿಂಬೆ, ಸೋಡ ಅದರ ಮುಖಕ್ಕೆ ಹಚ್ಚಬೇಡಿ. ಮೆಲ್ಲಗೆ ತೊಳೆಸಿ, ಯಾವ ಲೇಪವನ್ನೂ ಮೊದಲು ಕೈಗೆ ಹಚ್ಚಿ ನೋಡಿ, ಬಿಸಿಲಿನಿಂದ ಕಾಪಾಡಿ, ನೋವಿದ್ದರೆ ದವಾಖಾನೆಗೆ ಕರೆದೊಯ್ಯಿರಿ. ಮೊಡವೆ ಹೋಗಲು ಸಮಯ ಬೇಕು. ಅಲ್ಲಿಯವರೆಗೆ ಆ ಮಗು ಹೊಸ್ತಿಲಲ್ಲಿ ಒಂಟಿಯಾಗಿ ನಿಲ್ಲದಿರಲಿ. ನಿಮ್ಮ ತೋಳು ಕೊಡಿ.