ರೊಪ್ಪದ ಬಾಗಿಲಲ್ಲಿ ಹೊಸ ಚಪ್ಪಲಿ

ಮಾವ ಸಣ್ಣಪ್ಪ ಕುರಿ ರೊಪ್ಪದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದದ್ದನ್ನು ಯಶೋದಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಮೆಟ್ಟಿನ ಕಾಲಲ್ಲಿ ರೊಪ್ಪ ತುಳಿಯುವುದು ಆ ಮನೆಯಲ್ಲಿ ದೇವರ ಗೂಡಿಗೆ ಕಾಲು ಚಾಚಿದಷ್ಟೇ ತಪ್ಪು. ಆದರೆ ಯುಗಾದಿಯಲ್ಲಿ ಅವರ ಕಾಲಿನ ಹೆಬ್ಬೆರಳಿಗೆ ಆದ ಗಾಯ ಕಾರಹುಣ್ಣಿಮೆ ಕಳೆದರೂ ಮಾಯ್ದಿರಲಿಲ್ಲ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದೆ, ರಕ್ತವೂ ಸರಿಯಾಗಿ ಇಳಿಯುತ್ತಿಲ್ಲ, ಇನ್ನೊಂದು ಗಾಯವಾದರೆ ಕಾಲಿಗೇ ಅಪಾಯ ಎಂದಿದ್ದರು ಹಿರಿಯೂರಿನ ಡಾಕ್ಟರು.

ಅವಳು ಹೊಸ ಚಪ್ಪಲಿಯ ಡಬ್ಬಿ ಹಿಡಿದು ಹೊರಬಂದಳು.

"ಮಾವ, ಇವು ಬೀದಿ ಮಣ್ಣು ಕಂಡಿಲ್ಲ. ರೊಪ್ಪಕ್ಕೇ ಅಂತ ತಂದಿದ್ದು. ಹಾಕ್ಕಳ್ರಿ."

"ನೋವೇ ಇಲ್ಲ ಕಣಮ್ಮ. ನೋವಿಲ್ಲದ ಕಾಲಿಗೆ ಎಂಥಾ ಉಪಚಾರ?"

ಅಂಗಳ ಗುಡಿಸುತ್ತಿದ್ದ ಅತ್ತೆ ಬರಗೇರಮ್ಮ ತಲೆ ಎತ್ತಲಿಲ್ಲ. "ನಿಮ್ಮಾವಂಗೆ ನಾಕು ಕಾಲಿದ್ದಿದ್ರೆ ದಿನಾ ಎತ್ತಿ ನೋಡ್ಕಂತಿದ್ರು ಬಿಡು."

ಸಣ್ಣಪ್ಪ ನಗುತ್ತಲೇ ಒಂದು ಕುರಿಯನ್ನು ಮಂಡಿಗೆ ಒತ್ತಿ ಹಿಡಿದು, ಗೊರಸಿನ ಸಂದಿಯಿಂದ ಜಾಲಿ ಮುಳ್ಳು ಕಿತ್ತರು.

"ಅದು ಕುಂಟ್ತಾನೇ ಇರ್ಲಿಲ್ಲವಲ್ಲ ಮಾವ?"

"ಕುಂಟೋ ತನಕ ಕಾಯ್ತಾರೇನಮ್ಮ? ಅಷ್ಟೊತ್ತಿಗೆ ಒಳಗೆಲ್ಲ ಕೊಳೆತಿರ್ತೈತೆ. ದಿನಾ ಎತ್ತಿ ನೋಡ್ಬೇಕು."

ಯಶೋದಾ ಮಾವನ ಬರಿಗಾಲನ್ನೇ ನೋಡುತ್ತ ನಿಂತಳು. ಸಣ್ಣಪ್ಪನ ನಗು ಮೆಲ್ಲಗೆ ಇಳಿಯಿತು. ಕುರಿಯನ್ನು ಬಿಟ್ಟು, ಬಾಗಿಲ ಕಲ್ಲಿನ ಮೇಲೆ ಕೂತು, ಸಂಕೋಚದಿಂದ ಎಡಗಾಲು ಮುಂದೆ ಮಾಡಿದರು.

ಸೆರಗಿನಿಂದ ಮಣ್ಣು ಒರೆಸಿದಾಗ ಹಿಮ್ಮಡಿಯ ಹತ್ತಿರ ಒಂದು ಕಪ್ಪು ಚುಕ್ಕೆ ಕಂಡಿತು. ಸುತ್ತಲೂ ಚರ್ಮ ಕೆಂಪಾಗಿತ್ತು.

"ಮುಳ್ಳು ಮುರಿದೈತೆ ಮಾವ."

"ಯಾವಾಗ ಚುಚ್ಚಿತೋ." ಅವರು ಬಗ್ಗಿ ನೋಡಿದರು. ಇಷ್ಟು ಹೊತ್ತೂ ಅದರ ಮೇಲೇ ನಿಂತಿದ್ದರು. ಕುರಿಯ ಮುಳ್ಳು ಕಿತ್ತ ಕೈ ಅಭ್ಯಾಸಬಲದಿಂದ ಅತ್ತ ಹೋಯಿತು.

"ನೀವು ಕೀಳಬ್ಯಾಡ್ರಿ. ಡಾಕ್ಟ್ರೇ ತೆಗೀಲಿ. ಈಗ್ಲೇ ಹೋಗಾಣ."

ಸಣ್ಣಪ್ಪ ಸ್ವಲ್ಪ ಹೊತ್ತು ಕುರಿಗಳತ್ತ ನೋಡಿದರು. ಅವಳು ಕಾಲು ತೊಳೆದು ಶುಭ್ರವಾದ ಬಟ್ಟೆ ಸುತ್ತಿದಳು. ಹಳೆಯ ಚಪ್ಪಲಿಗೆ ಕಾಲಿಟ್ಟು ಎದ್ದವರು, ಹೊಸ ಚಪ್ಪಲಿಯ ಡಬ್ಬಿಯನ್ನು ಬೀದಿಗೆ ತರಬೇಡವೆಂದು ಕೈಯಲ್ಲೇ ತಡೆದರು.

"ಅವನ್ನ ಇಲ್ಲೇ ರೊಪ್ಪದ ಒಳಗಡೆ ಇಡು," ಎಂದರು. "ಬಂದ ಮೇಲೆ ಹಾಕ್ಕಂತೀನಿ."