ಸ್ಮಶಾನದ ನಲ್ಲಿ

ಸೈಕಲ್ ಪ್ರವಾಸದ ಐದನೇ ದಿನ, ಸೆಲೆ ನದಿಯ ಕಣಿವೆಯಲ್ಲಿ ಬಿಸಿಲು ಸುಡುತ್ತಿತ್ತು. ಎಪ್ಪತ್ತೆರಡರ ಜೋಸೆತ್ ಹಳ್ಳಿಯ ಸ್ಮಶಾನದ ಗೇಟಿಗೆ ಸೈಕಲ್ ಒರಗಿಸಿ, ಬಾಟಲಿ ಹಿಡಿದು ಸೀದಾ ಒಳಗೆ ಹೋದಳು. ಗೋರಿಗಳ ಹೂಗಿಡಕ್ಕೆಂದು ಇಟ್ಟ ನಲ್ಲಿ ಈ ಕಡೆಯ ಎಲ್ಲಾ ಊರ ಸ್ಮಶಾನದಲ್ಲೂ ಇರುತ್ತದೆಂದು ಸೈಕಲ್ ತುಳಿಯುವವರಿಗೆ ಗೊತ್ತು. ತಮ್ಮ ಫೆರ್ನಾಂ ಮಾತ್ರ ಬಾಯಿ ಒಣಗಿಸಿಕೊಂಡು ಗೇಟಿನಾಚೆಯೇ ನಿಂತ.

“ಅಕ್ಕಾ, ನಮ್ಮ ವಯಸ್ಸಲ್ಲಿ ಅಲ್ಲಿಗೆ ಕಾಲಿಡಬಾರದು. ಮುಂದಿನ ಊರಲ್ಲಿ ಕೆಫೆ ಇದೆ.”

“ಇವತ್ತು ಸೋಮವಾರ, ವಾರದ ರಜೆ ಕಣೋ. ಯಾವ ಕೆಫೆ ಬಾಗಿಲು ತೆಗೆದಿರುತ್ತೆ?”

ಅವಳು ಹೊಟ್ಟೆ ತುಂಬ ಕುಡಿದು, ಬಾಟಲಿ ತುಂಬಿಕೊಂಡು, ಯಾರದೋ ಗೋರಿಯ ಬಾಡಿದ ಹೂಗಿಡಕ್ಕೂ ಒಂದಿಷ್ಟು ಸುರಿದಳು. ಫೆರ್ನಾಂ ಇನ್ನೂ ಅಲ್ಲೇ ತುಟಿ ಸವರಿಕೊಳ್ಳುತ್ತಿದ್ದ.

“ಬಾರೋ ಒಳಗೆ,” ಎಂದಳು. “ನಡ್ಕೊಂಡು ಬಂದೋರನ್ನ ಇಲ್ಲಿ ಯಾರೂ ಇಟ್ಕೊಳಲ್ಲ.”