ದೊಡ್ಡಪ್ಪನ ಕೊನೇ ಕೈ

ಮೂರನೇ ಸಲವೂ ಮೀಟರ್ ಹಲಗೆಯಲ್ಲಿ ಅದೇ ಹಳದಿ ಇಂಜಿನ್ ದೀಪ ಹೊತ್ತಿಸಿಕೊಂಡು ಆ ವ್ಯಾನು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. ಗಾಜಿನ ಕೋಣೆಯೊಳಗಿದ್ದ ಖಾಲಿ ಕುರ್ಚಿ ನೋಡಿದ.

ಅಲ್ಲಿ ಕೂತು ಫೋನ್ ಎತ್ತಿ, ಬಂದವರ ಗಾಡಿ ನಂಬರು ಬರೆದುಕೊಳ್ಳುವುದೇ ನನಗೆ ಲಾಯಕ್ಕಾದ ಕೆಲಸ ಎಂದು ಅವನು ಮೊದಲಿನಿಂದಲೂ ಅಂದುಕೊಂಡಿದ್ದ. ನಾನು ಫೋನ್ ಎತ್ತಿದರೆ ಆ ಕಡೆಯವರು, "ಅಲ್ಲಿ ಗಂಡಸರು ಯಾರಾದ್ರೂ ಇದ್ರೆ ಕೊಡಮ್ಮ" ಅನ್ನುತ್ತಿದ್ದರು. ಅದಕ್ಕೇ ನಾನು ಫೋನ್ ಎತ್ತುವುದನ್ನೇ ಬಿಟ್ಟಿದ್ದೆ. ನಾನು ರಿಪೇರಿ ಮಾಡಿ ಕಳಿಸಿದ್ದ ಈ ವ್ಯಾನು ಕಳೆದ ಸಲ ವಾಪಸು ಬಂದಾಗ ದೊಡ್ಡಪ್ಪ ಗ್ಯಾರೇಜಿನವರೆಲ್ಲರೆದುರೇ ಹೇಳಿದ್ದ: "ಇನ್ನೊಂದು ಸಲ ಈ ದೀಪ ಹೊತ್ತಿದ್ರೆ ಸ್ಕ್ಯಾನರ್ ನನ್ನ ಕೈಗೆ ಕೊಟ್ಟು ಹೋಗಿ ಕುರ್ಚೀಲಿ ಕೂತ್ಕೋ."

"ತಪ್ಪು ನಂದಲ್ಲ ಅಂತ ಆದ್ರೆ?" ಎಂದು ಕೇಳಿದ್ದೆ.

"ಆಗ ನಾನೇ ಕೂತ್ಕೋತೀನಿ ಬಿಡು," ಎಂದು ಅವನು ಹೊಟ್ಟೆ ಅಲುಗುವಂತೆ ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ನಾನು ಮಾತ್ರ ಆ ಮಾತನ್ನು ಗಂಟು ಹಾಕಿ ಇಟ್ಟುಕೊಂಡಿದ್ದೆ.

ವ್ಯಾನಿನಿಂದ ಇಳಿದ ಡ್ರೈವರಕ್ಕ ದಿನಾ ಆರು ಮಂದಿ ರೋಗಿಗಳನ್ನು ಆಸ್ಪತ್ರೆಗೆ ಕರೆದೊಯ್ಯುವವಳು. "ಏರು ಹತ್ತೋವಾಗ ಉಸಿರು ಕಟ್ಟಿದ ಹಾಗೆ ಗಾಡಿ ಎಳೀತಾನೇ ಇಲ್ಲ ಕಣೇ. ಹಿಂದೆ ಕೂತೋರಿಗೆ ನನ್ನ ಮುಖ ಕಾಣಬಾರದು ಅಂತ ಕನ್ನಡಿ ತಿರುಗಿಸಿಟ್ಟೆ," ಎಂದಳು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಗಾಡಿಯ ದೋಷ ಓದಿ ಹೇಳುವ ಸ್ಕ್ಯಾನರ್ ಹಚ್ಚಿದೆ. ಅದೇ ಹಳೆಯ ಕೋಡು. ಇಂಜಿನ್ನಿಗೆ ಹೋಗುವ ಗಾಳಿ ಹೆಚ್ಚು, ಪೆಟ್ರೋಲು ಸಾಲದು ಎಂಬ ದೂರು. ಇಂಥ ಕೋಡು ಬಂದರೆ ಎಲ್ಲರೂ ಮೊದಲು ಹುಡುಕುವುದು ಎಲ್ಲಿಂದಲೋ ಕಳ್ಳಗಾಳಿ ನುಗ್ಗುತ್ತಿದೆಯೇ ಎಂದು. ಮೊದಲ ಸಲವೇ ನಾನು ಪೈಪುಗಳಿಗೆ ಹೊಗೆ ತುಂಬಿ ನೋಡಿದ್ದೆ, ಎಳೆಯಷ್ಟೂ ಹೊರಬಂದಿರಲಿಲ್ಲ. ಪೆಟ್ರೋಲು ತಳ್ಳುವ ಪಂಪಿನ ಒತ್ತಡವೂ ಸರಿಯಿತ್ತು. ಅಲ್ಲದೆ ಕಳ್ಳಗಾಳಿಯಾದರೆ ಗಾಡಿ ನಿಂತಲ್ಲೇ ಹೆಚ್ಚು ಗೋಳಾಡುತ್ತದೆ, ವೇಗ ಏರಿದಂತೆ ತಣ್ಣಗಾಗುತ್ತದೆ. ಇದು ತದ್ವಿರುದ್ಧ. ನಿಂತಾಗ ಸಾಧು, ಆಕ್ಸಿಲರೇಟರ್ ಒತ್ತಿದರೆ ರಂಪ. ಅಂದರೆ ಗಾಳಿ ಸರಿಯಾಗಿಯೇ ಬರುತ್ತಿದೆ, ಅದನ್ನು ಅಳೆಯುವ ಸೆನ್ಸರು ಕಡಿಮೆ ಎಂದು ಸುಳ್ಳು ಲೆಕ್ಕ ಹೇಳುತ್ತಿದೆ, ಅದಕ್ಕೇ ಪೆಟ್ರೋಲೂ ಕಡಿಮೆ ಬೀಳುತ್ತಿದೆ. ಆ ಸೆನ್ಸರಿನೊಳಗೆ ಕೂದಲೆಳೆಯಂಥ ತಂತಿ ಇರುತ್ತದೆ. ಎರಡು ಸಲವೂ ಅದನ್ನು ತೊಳೆದಿದ್ದೆ, ಎರಡು ಸಲವೂ ಅಂಕಿಗಳು ನನ್ನ ಕಣ್ಣೆದುರೇ ಸರಿಹೋಗಿದ್ದವು. ಹತ್ತು ದಿನಕ್ಕೆ ಮತ್ತೆ ಅದೇ ರಾಗ.

"ಸೆನ್ಸರ್ ಬದಲಾಯಿಸೋಕೆ ಹೇಳಿದ್ದೆ. ನೀನು ಕೇಳಲಿಲ್ಲ," ಎಂದ ದೊಡ್ಡಪ್ಪ. "ಕೊಡು ಇಲ್ಲಿ ಸ್ಕ್ಯಾನರ್."

ನಾನು ಕೊಡಲಿಲ್ಲ. ಸೆನ್ಸರ್ ಬಿಚ್ಚಿ ಬೆರಳಿಗೆ ತಾಗಿಸಿದೆ. ಧೂಳಲ್ಲ, ಅಂಟು. ಎಲ್ಲಿಂದ ಬಂತು ಈ ಅಂಟು? ನಾನು ಬಾನೆಟ್ ಮುಚ್ಚಿ ಕೈ ತೊಳೆಯಲು ಹೋದ ಮೇಲೆ, ಗಾಡಿ ಗೇಟು ದಾಟುವ ಮೊದಲು, ಇದನ್ನು ಮುಟ್ಟುವವರು ಯಾರು?

ನಮ್ಮ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇದೆ. ಯಾರೇ ಕೆಲಸ ಮಾಡಿರಲಿ, ದೊಡ್ಡಪ್ಪನ ಕೊನೇ ಕೈ ಬೀಳದೆ ಗಾಡಿ ಹೊರಗೆ ಹೋಗುವುದಿಲ್ಲ. ನಟ್ಟು ಬಿಗಿ ನೋಡುತ್ತಾನೆ, ಗಾಜು ಒರೆಸುತ್ತಾನೆ, ಏರ್ ಫಿಲ್ಟರ್ ತೆಗೆದು ಕೊಡವುತ್ತಾನೆ. ಆ ಕೈಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಈ ವ್ಯಾನಿನದು ತೊಳೆದು ಬಳಸುವ ಬಟ್ಟೆಯ ಫಿಲ್ಟರ್, ಅದಕ್ಕೆ ತುಸುವೇ ಕೆಂಪೆಣ್ಣೆ ಸವರಬೇಕು, ಹೆಚ್ಚಾದರೆ ಗಾಳಿ ಅದನ್ನು ತಂತಿಯವರೆಗೂ ಎಳೆದೊಯ್ಯುತ್ತದೆ. ದೊಡ್ಡಪ್ಪನಿಗೆ ತುಸು ಎಂಬ ಮಾತೇ ಗೊತ್ತಿಲ್ಲ.

ತಂತಿಯನ್ನೂ ಫಿಲ್ಟರಿನ ಹಿಂದಿನ ಪೈಪನ್ನೂ ಫಳಫಳ ತೊಳೆದೆ. ಅಂಕಿ ಸರಿಹೋಯಿತು. ಡ್ರೈವರಕ್ಕನಿಗೆ ತೋರಿಸಿದೆ. ಆಮೇಲೆ, "ದೊಡ್ಡಪ್ಪ, ನಿನ್ನ ಕೊನೇ ಕೈ ಮುಗಿಸು," ಎಂದೆ.

ಈ ಸಲ ನಾನು ಕೈ ತೊಳೆಯಲು ಹೋಗಲಿಲ್ಲ. ಅವನು ಫಿಲ್ಟರ್ ತೆಗೆದು, ಡಬ್ಬಿ ಬಗ್ಗಿಸಿ, ಮಗುವಿನ ತಲೆಗೆ ಎಣ್ಣೆ ಹಚ್ಚುವ ಅಕ್ಕರೆಯಿಂದ ಸುರಿದ. ಅವನು ಫಿಲ್ಟರ್ ಮತ್ತೆ ಕೂರಿಸುವವರೆಗೂ ನಾನು ನೋಡುತ್ತ ನಿಂತೆ. ಡ್ರೈವರಕ್ಕನ ಪಕ್ಕ ಕೂತು, ಆಸ್ಪತ್ರೆಯ ಏರನ್ನು ನಾಲ್ಕು ಸಲ ಜೋರಾಗಿ ಹತ್ತಿಸಿ ಬಂದೆ. ಎಲ್ಲರನ್ನೂ ಕರೆದು ಸೆನ್ಸರ್ ಬಿಚ್ಚಿದೆ. ಅದು ಕೂತಿದ್ದ ಪೈಪಿನ ಒಳಗೆ ಬಿಳಿ ಬಟ್ಟೆ ಆಡಿಸಿ ಹೊರತೆಗೆದೆ.

ಬಟ್ಟೆ ಕೆಂಪಾಗಿತ್ತು.

"ಮೂವತ್ತು ವರ್ಷದಿಂದ ಹಾಕ್ತಿದೀನಿ," ಎಂದ ದೊಡ್ಡಪ್ಪ. ದನಿ ಸಣ್ಣಗಾಗಿತ್ತು.

"ಆಗಿನ ಗಾಡೀಲಿ ಗಾಳಿ ಅಳೆಯೋ ತಂತಿ ಇರಲಿಲ್ಲ. ನಾನು ತೊಳೀತಿದ್ದೆ, ನೀನು ಎಣ್ಣೆ ಕುಡಿಸ್ತಿದ್ದೆ. ಬೈಸಿಕೊಂಡಿದ್ದು ನಾನು."

"ಮನೇಲಿ ಹೇಳಬಹುದಿತ್ತಲ್ಲ. ಎಲ್ಲರೆದುರು ಯಾಕೆ?"

"ಕುರ್ಚಿ ವಿಷಯ ನೀನು ಎಲ್ಲಿ ಹೇಳಿದ್ದು?"

ಸ್ಪ್ಯಾನರ್ ಹಿಡಿಯಲು ಕಲಿಸಿದ ಮನುಷ್ಯ ಅವನು. ಅವನ ಬೆರಳುಗಳು ಎಣ್ಣೆ ಒರೆಸಿಕೊಳ್ಳಲು ಬಟ್ಟೆ ಹುಡುಕುವುದನ್ನು ನೋಡಿ ನನಗೆ ಸಂಕಟವಾಯಿತು. ಆದರೂ ಪಟ್ಟು ಸಡಿಲಿಸಲಿಲ್ಲ. ಈಗ ಸಡಿಲಿಸಿದರೆ ನಾಳೆ ಆ ಕುರ್ಚಿ ಮತ್ತೆ ನನ್ನದೇ. ಆ ಕೆಂಪು ಬಟ್ಟೆಯನ್ನೇ ಅವನ ಕೈಗೆ ಕೊಟ್ಟು, ಒಣ ಕಾಗದದ ಹೊಸ ಫಿಲ್ಟರ್ ಎತ್ತಿಕೊಂಡು ಬಾನೆಟ್ ಕೆಳಗೆ ಬಗ್ಗಿದೆ.

ಗಾಜಿನ ಕೋಣೆಯಲ್ಲಿ ಫೋನ್ ಬಡಿದುಕೊಳ್ಳತೊಡಗಿತು. ಯಾರೂ ಅಲುಗಲಿಲ್ಲ. ಆರೇಳು ಸಲ ಹೊಡೆದ ಮೇಲೆ ಕುರ್ಚಿ ಕಿರ್ರೆಂದಿದ್ದು ಕೇಳಿಸಿತು. ನಾನು ತಲೆ ಎತ್ತಲಿಲ್ಲ.

"ಹಲೋ... ಹೂಂ, ನಾನೇ. ಇಲ್ಲ ಸ್ವಾಮಿ, ಈಗ ಅದನ್ನ ನಾನು ನೋಡಲ್ಲ," ಎನ್ನುತ್ತಿದ್ದ ದೊಡ್ಡಪ್ಪ. "ನಮ್ಮ ಹುಡುಗಿ ನೋಡ್ತಾಳೆ. ಕೈ ತುಂಬ ಕೆಲಸ ಇದೆ ಅವಳಿಗೆ, ಕಾಯಬೇಕಾಗುತ್ತೆ. ನಿಮ್ಮ ಗಾಡಿ ನಂಬರ್ ಹೇಳಿ, ಬರ್ಕೋತೀನಿ."